ಹಾಲಿನ ಕ್ಯಾನಿನಲ್ಲಿ 1% ಆಕ್ಸಿಜನ್: ಕೋಲಾರದ ಲ್ಯಾಬಿನಿಂದ ನನ್ನ ಅನುಭವ

ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಹಾಳಾಗುವುದನ್ನು (ಡಯಾಬಿಟಿಕ್ ರೆಟಿನೋಪಥಿ) ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕು, ತಡೆಯಬಲ್ಲದೇ ಅಂತ ಲ್ಯಾಬಿನಲ್ಲಿ ಬೆಳೆಸಿದ ಸೆಲ್‌ಗಳಲ್ಲಿ ನೋಡುತ್ತಿದ್ದೇನೆ. ಹೋದ ವಾರ ರಾತ್ರಿ ಹನ್ನೊಂದಕ್ಕೆ ಬ್ಲಾಟ್ (ಪ್ರೋಟೀನ್ ಗುರುತಿಸುವ ಪೊರೆ) ಮೇಲೆ ಹಿಫ್-1 ಆಲ್ಫಾದ ಬ್ಯಾಂಡ್ ಬಂತು. ಆಕ್ಸಿಜನ್ ಕಮ್ಮಿಯಾದಾಗ ಸೆಲ್‌ನಲ್ಲಿ ಹೆಚ್ಚುವ ಪ್ರೋಟೀನ್ ಅದು. 120 ಕಿಲೋಡಾಲ್ಟನ್ ಹತ್ತಿರ, ದಪ್ಪಗೆ. ಪಕ್ಕದ ಲೇನಿನಲ್ಲಿ ಪೆಪ್ಟೈಡ್ ಹಾಕಿದ ಸೆಲ್‌ಗಳದ್ದು. ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಮೂರನೇ ಸಲವೂ ಹಾಗೇ ಬಂದ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ.

"ಕೋಲಾರದಲ್ಲಿ ಕೂತು ಹೈಪಾಕ್ಸಿಯಾ ಮಾಡ್ತೀರಾ ಮೇಡಂ? ಲಕ್ಷಗಟ್ಟಲೆ ಮೆಷಿನ್ ಬೇಕು. ಸುಮ್ನೆ ಬೆಂಗಳೂರಿಗೆ ಕಳಿಸಿ" ಅಂದವರು ಒಬ್ಬಿಬ್ಬರಲ್ಲ. ಹೈಪಾಕ್ಸಿಯಾ ಅಂದರೆ ಸೆಲ್‌ಗಳಿಗೆ ಆಕ್ಸಿಜನ್ ಕಮ್ಮಿ ಮಾಡುವುದು. ನನ್ನ ಕೈಯಲ್ಲಿದ್ದದ್ದು ಒಂದೂವರೆ ಲಕ್ಷ, ಅಷ್ಟೇ.

ಸೆಲ್‌ಗಳು ಎಆರ್‌ಪಿಇ-19, ಮನುಷ್ಯರ ರೆಟಿನಾದ ಹಿಂದಿನ ಬಣ್ಣದ ಪದರದಿಂದ ಬಂದವು. ಮೊದಲ ಎರಡು ತಿಂಗಳು ಪೂರ್ತಿ ಹಾಳಾಯಿತು. ಇವುಗಳಿಗೆ ಎಲ್ಲರೂ ಹಾಕುವ ಡಿಎಂಇಎಂ-ಎಫ್12 ಮೀಡಿಯಾದಲ್ಲೇ (ಸೆಲ್ ಬೆಳೆಸುವ ದ್ರವ) 17.5 ಮಿಲಿಮೋಲಾರ್ ಗ್ಲೂಕೋಸ್ ಇರುತ್ತದೆ. ಶುಗರ್ ರಿಪೋರ್ಟಿನ ಲೆಕ್ಕದಲ್ಲಿ 315! ನಾನು ನಾರ್ಮಲ್ ಅಂದುಕೊಂಡಿದ್ದ ಪ್ಲೇಟಿಗೇ ಆಗಲೇ ಸಕ್ಕರೆ ಕಾಯಿಲೆ. ಆಮೇಲೆ 5.5ಕ್ಕೆ ಇಳಿಸಿದೆ, ಹೈ ಗ್ಲೂಕೋಸಿಗೆ 25 ಇಟ್ಟೆ. ಪರಿಣಾಮ ಸಕ್ಕರೆಯದೇ, ದ್ರವ ಗಟ್ಟಿಯಾದದ್ದರದ್ದಲ್ಲ ಅಂತ ತಿಳಿಯಲು 5.5ರ ಜೊತೆ 19.5 ಮ್ಯಾನಿಟಾಲ್ ಹಾಕಿದ ಇನ್ನೊಂದು ಪ್ಲೇಟು ಕಡ್ಡಾಯ. ಅದಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಈಗ ಸೆಲ್‌ಗಳನ್ನು ಕಮ್ಮಿ ಆಕ್ಸಿಜನ್‌ನಲ್ಲಿ ಇಡುವ ಡಬ್ಬಿಯ ಕಥೆ. ಮೊದಲು 22 ಲೀಟರಿನ ದೊಡ್ಡ ಕುಕ್ಕರ್. ಒಳಗೆ ಒತ್ತಡ ಇಲ್ಲದಿದ್ದರೆ ಅದರ ರಬ್ಬರ್ ಕೂರುವುದೇ ಇಲ್ಲ. ಸಂಜೆ 1% ಇದ್ದದ್ದು ಬೆಳಗ್ಗೆ 6% ತೋರಿಸಿತು. ಆಮೇಲೆ ಬೋರ್ಡ್ ಬರೆಯುವವರ ಹತ್ತಿರ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿದೆ. ಮೂರೇ ವಾರಕ್ಕೆ ಮೂಲೆ ಸೀಳಿತು, ನಾಲ್ಕು ಸಾವಿರ ಹೋಯಿತು. ಒಂದು ದಿನ ಬೆಳಗ್ಗೆ ಡೇರಿ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಸ್ಟೀಲಿನ ಹಾಲಿನ ಕ್ಯಾನು. ಅಗಲ ಬಾಯಿ, ರಬ್ಬರ್ ಉಂಗುರ, ಬಿಗಿಯಾದ ಲಾಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೇನು ಬರವೇ? ಒಂದು ತಂದು ವೆಲ್ಡಿಂಗ್ ಅಂಗಡಿಗೆ ಹೋದೆ. ಗ್ಯಾಸ್ ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು ನಳಿಗೆ, ಒಳಗೆ ಪ್ಲೇಟ್ ಜೋಡಿಸಲು ಸಣ್ಣ ಸ್ಟ್ಯಾಂಡು. "ಹಾಲಿಗಾ ಮೇಡಂ?" ಅಂದರು. "ಇಲ್ಲಣ್ಣ, ಕಣ್ಣಿನ ಕೆಲಸಕ್ಕೆ" ಅಂದೆ. ಕ್ಯಾನು, ಕೂಲಿ ಎಲ್ಲಾ ಸೇರಿ ಐದು ಸಾವಿರ ದಾಟಲಿಲ್ಲ. ರಬ್ಬರಿಗೆ ಏನು ಸವರುತ್ತೇನೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ.

ದುಡ್ಡು ತಿಂದದ್ದು ಗ್ಯಾಸು. 1% ಆಕ್ಸಿಜನ್, 5% ಇಂಗಾಲದ ಡೈಆಕ್ಸೈಡ್, ಉಳಿದದ್ದು ನೈಟ್ರೋಜನ್. ಸಿಲಿಂಡರ್, ರೆಗ್ಯುಲೇಟರ್ ಸೇರಿ ಮೂವತ್ತು ಸಾವಿರದ ಹತ್ತಿರ ಆಯಿತು. ಆಕ್ಸಿಜನ್ ಮೀಟರ್ ಮಾತ್ರ ಬಿಟ್ಟಿ. ಕೋವಿಡ್ ಕಾಲದಲ್ಲಿ ತಂದದ್ದು ಸ್ಟೋರಿನಲ್ಲಿ ಧೂಳು ಹಿಡಿದಿತ್ತು. ಬಯಲಿಗೆ ತಂದು ಗಾಳಿಯಲ್ಲಿರುವ 21%ಕ್ಕೆ ಹೊಂದಿಸಿಕೊಂಡೆ. ನಿಮಿಷಕ್ಕೆ 20 ಲೀಟರಿನಂತೆ ಐದು ನಿಮಿಷ ಬಿಡುತ್ತೇನೆ. ಒಂದು ಗಂಟೆ ಬಿಟ್ಟು ಇನ್ನೊಂದು ಸಲ. ಈ ಎರಡನೇ ಸಲ ತಪ್ಪಿಸಬೇಡಿ. ಮೀಡಿಯಾದಲ್ಲಿ ಕರಗಿರುವ ಆಕ್ಸಿಜನ್ ನಿಧಾನಕ್ಕೆ ಹೊರಗೆ ಬರುತ್ತಿರುತ್ತದೆ, ಪ್ಲಾಸ್ಟಿಕ್ಕಿನಿಂದಲೂ ಬರುತ್ತದೆ. ಮೀಡಿಯಾ ತೆಳುವಾಗಿ ಹಾಕಿ.

ಇಷ್ಟಾದರೂ ನಾಲ್ಕು ತಿಂಗಳು ಬ್ಯಾಂಡೇ ಇಲ್ಲ. ಹಿಫ್ ಅನ್ನು ಹಿಡಿದು ತೋರಿಸುವ ಆಂಟಿಬಾಡಿ ಕೆಟ್ಟಿದೆ ಅಂತ ಇನ್ನೊಂದು ತರಿಸಿದೆ, ನಲವತ್ತು ಸಾವಿರ. ಅದರಲ್ಲೂ ಇಲ್ಲ. ಕೊನೆಗೆ ಆಕ್ಸಿಜನ್ ಇದ್ದರೂ ಹಿಫ್ ಕರಗದಂತೆ ಉಳಿಸುವ ಕೋಬಾಲ್ಟ್ ಕ್ಲೋರೈಡ್ 150 ಮೈಕ್ರೋಮೋಲಾರ್ ಹಾಕಿ ನೋಡಿದೆ. ಬ್ಯಾಂಡ್ ಕಣ್ಣಿಗೆ ಹೊಡೆಯುವಂತೆ ಬಂತು! ಅಂದರೆ ಆಂಟಿಬಾಡಿ ಸರಿಯಿದೆ, ನನ್ನ ಕೈ ನಿಧಾನ. ಗಾಳಿ ತಗುಲಿದರೆ ಹಿಫ್-1 ಆಲ್ಫಾ ಐದು ನಿಮಿಷದೊಳಗೆ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ನಾನು ಕ್ಯಾನು ತೆರೆದು, ಕಾರಿಡಾರ್ ದಾಟಿ, ನಿಧಾನಕ್ಕೆ ತೊಳೆಯುತ್ತಿದ್ದೆ. ಈಗ ಇನ್‌ಕ್ಯುಬೇಟರ್ ಪಕ್ಕದಲ್ಲೇ ಐಸ್ ತಟ್ಟೆ. ತೆರೆದ ತಕ್ಷಣ ಮೀಡಿಯಾ ಚೆಲ್ಲಿ, ಸೆಲ್ ಒಡೆಯುವ ಎಸ್‌ಡಿಎಸ್ ಬಫರ್ ನೇರ ಸುರಿಯುವುದು. ಒಂದು ಪ್ಲೇಟಿಗೆ ನಲವತ್ತು ಸೆಕೆಂಡ್. ಜೊತೆಗೆ ಇನ್ನೊಬ್ಬರು ಇರಲೇಬೇಕು. ಕೋಬಾಲ್ಟ್ ಪ್ಲೇಟು ಈಗಲೂ ಪ್ರತಿ ಸಲ ಇರುತ್ತದೆ, ಆದರೆ ಬ್ಲಾಟ್ ಸರಿಯಿದೆಯಾ ಅಂತ ನೋಡಲಿಕ್ಕೆ ಮಾತ್ರ. ಆ ಪ್ಲೇಟಿನಲ್ಲಿ ಆಕ್ಸಿಜನ್ ಕಮ್ಮಿಯಾಗಿರುವುದೇ ಇಲ್ಲ, ಅಲ್ವಾ?

ಪೆಪ್ಟೈಡ್ ವಿಷಯ. ಮೊದಲು ತರಿಸಿದ್ದು 38 ಅಮಿನೊ ಆಮ್ಲದ ಪ್ಯಾಕ್ಯಾಪ್. ಒಂದೇ ಟ್ಯೂಬಿನಲ್ಲಿಟ್ಟು ಏಳೆಂಟು ಸಲ ಕರಗಿಸಿ ಮತ್ತೆ ಫ್ರೀಜರಿಗಿಟ್ಟೆ. ಸಾಲದ್ದಕ್ಕೆ ಸೀರಮ್ ಇದ್ದ ಮೀಡಿಯಾಕ್ಕೇ ಹಾಕಿದೆ. ಸೀರಮ್ಮಿನಲ್ಲಿರುವ ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಮೂವತ್ತೈದು ಸಾವಿರ ನೀರಿಗೆ ಹಾಕಿದ ಹಾಗಾಯಿತು. ಆಮೇಲೆ ಹಿಡಿದದ್ದು ಎನ್‌ಎಪಿ ಎಂಬ ಇನ್ನೊಂದು ಪೆಪ್ಟೈಡ್. ಎಂಟೇ ಅಮಿನೊ ಆಮ್ಲ, ಹಾಗಾಗಿ ಮಾಡಿಸಲು ಅಗ್ಗ. ಒಂದು ಸಲಕ್ಕೆ ಬೇಕಾದಷ್ಟೇ ಅಂಟದ ಟ್ಯೂಬುಗಳಲ್ಲಿ ಹಂಚಿಟ್ಟೆ. ಸೀರಮ್ ಇಲ್ಲದ ಮೀಡಿಯಾದಲ್ಲಿ 100 ನ್ಯಾನೋಮೋಲಾರ್. ಹಿಫ್ ಇಳಿಯಿತು, ಅದರ ಹಿಂದೆಯೇ ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್ ವಿಇಜಿಎಫ್ ಕೂಡ.

ಮಧ್ಯೆ ಮೂರು ವಾರ ಬೆಳೆಸಿದ ಸೆಲ್ ಪದರದ ವಿದ್ಯುತ್ ರೆಸಿಸ್ಟೆನ್ಸ್ (ಪದರ ಎಷ್ಟು ಬಿಗಿಯಾಗಿದೆ ಅನ್ನುವುದರ ಅಳತೆ) ಅಳೆದೂ ನೋಡಿದೆ. ಈ ಸೆಲ್‌ಗಳಲ್ಲಿ ಅದು ಮೊದಲೇ ಕಮ್ಮಿ, ನನಗೆ ಸಿಕ್ಕಿದ್ದು ನಲವತ್ತು ಓಮ್ ಆಸುಪಾಸು. ಪೆಪ್ಟೈಡ್ ಹಾಕಿದ್ದು ಸ್ವಲ್ಪ ಜಾಸ್ತಿ ನಿಂತಿತು. ಅದರ ಮೇಲೆ ದೊಡ್ಡ ಮಾತಾಡಲಾರೆ.

ಒಂದು ಫಲಿತಾಂಶ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಕ್ಯಾನಿಗಿಡುವ ಮೊದಲೇ ಪೆಪ್ಟೈಡ್ ಹಾಕಿದರೆ ಕೆಲಸ ಮಾಡುತ್ತದೆ. 24 ಗಂಟೆ ಕಳೆದು ಹಾಕಿದರೆ ಏನೂ ಇಲ್ಲ. ಯುರೋಪಿನಲ್ಲಿ ಸಕ್ಕರೆ ಕಾಯಿಲೆ ಇರುವ ಸುಮಾರು 450 ಜನರ ಕಣ್ಣಿಗೆ ಸೊಮ್ಯಾಟೊಸ್ಟ್ಯಾಟಿನ್ (ಅದೂ ಪೆಪ್ಟೈಡೇ) ಅಥವಾ ಬ್ರಿಮೊನಿಡಿನ್ ಇಲ್ಲವೇ ಔಷಧಿಯಿಲ್ಲದ ಬರೀ ಡ್ರಾಪ್ಸ್ ಹಾಕಿ ನೋಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರೆಟಿನಾದ ನರಕ್ಕೆ ಆಗಲೇ ಪೆಟ್ಟು ಶುರುವಾಗಿದ್ದವರಲ್ಲಿ ಮಾತ್ರ ಔಷಧಿ ಅದನ್ನು ತಡೆದು ನಿಲ್ಲಿಸಿತು. ನನ್ನ ಕ್ಯಾನಿನ ಉತ್ತರವೂ ಇದೂ ಒಂದೇ ಅಲ್ಲ, ಆದರೂ ಯಾವಾಗ ಹಾಕುತ್ತೇವೆ ಅನ್ನುವುದೇ ಮುಖ್ಯ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ನಮ್ಮ ಓಪಿಡಿಗೆ ಬರುವವರಲ್ಲಿ ಎಷ್ಟೋ ಜನ ಲೇಸರ್ ಚಿಕಿತ್ಸೆ ಬೇಕಾಗುವ ಹಂತ ಮುಟ್ಟಿಯೇ ಬರುತ್ತಾರೆ.

ಮುಂದಿನದು 6 ಮತ್ತು 12 ಗಂಟೆಗೆ ಪೆಪ್ಟೈಡ್ ಹಾಕಿ ನೋಡುವುದು. ಸೋಮವಾರ ಸಿಲಿಂಡರ್ ಬರುತ್ತದೆ. ಎರಡನೇ ಕ್ಯಾನು ವೆಲ್ಡಿಂಗಿಗೆ ಕೊಟ್ಟಾಗಿದೆ.