ಗೇಮ್ ಬಾಯ್ ಎಮ್ಯುಲೇಟರ್: ಟೈಮರ್‌ಗೆ ಬೇರೆ ಥ್ರೆಡ್ ಬೇಡ

ಎಮ್ಯುಲೇಟರ್ (ಒಂದು ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಬರೆಯಲು ಹೊರಟವರು ಪ್ರೊಸೆಸರ್‌ನ ಆದೇಶಗಳನ್ನೆಲ್ಲ ಹುರುಪಿನಿಂದ ಬರೆದು ಮುಗಿಸುತ್ತಾರೆ. ಪರದೆಯ ಮೇಲೆ ಚಿತ್ರವೂ ಮೂಡುತ್ತದೆ. ಆಮೇಲೆ ಸಂಗೀತ ಕುಂಟುತ್ತದೆ, ಆಟ ನಡುವೆಯೇ ನಿಂತುಬಿಡುತ್ತದೆ. ಕೋಡ್ ತೆರೆದು ನೋಡಿದರೆ ಪ್ರತಿ ಸಲವೂ ಅದೇ ಕಥೆ: ಪ್ರೊಸೆಸರ್‌ಗೆ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಎಳೆ), ಟೈಮರ್‌ಗೆ ಇನ್ನೊಂದು, ಎರಡೂ ಒಂದೇ ಸಂಖ್ಯೆಯನ್ನು ಒಟ್ಟಿಗೆ ಮುಟ್ಟದಂತೆ ನಡುವೆ ಒಂದು ಲಾಕ್. 1989ರಲ್ಲಿ ನಿಂಟೆಂಡೊ ತಂದ ಗೇಮ್ ಬಾಯ್‌ನ ಲೆಕ್ಕ ಹಿಡಿದು ಇದನ್ನು ಸರಿಪಡಿಸೋಣ.

ಮೊದಲು ಆ ಟೈಮರ್ ಥ್ರೆಡ್ ಅಳಿಸಿ. ಈ ಯಂತ್ರದ ಗಡಿಯಾರ ಸೆಕೆಂಡಿಗೆ 41,94,304 ಸಲ ಮಿಡಿಯುತ್ತದೆ. ನಾಲ್ಕು ಮಿಡಿತ ಸೇರಿದರೂ ಒಂದು ಮೈಕ್ರೋಸೆಕೆಂಡ್ ತುಂಬುವುದಿಲ್ಲ. ಒಂದು ಥ್ರೆಡ್ ಮತ್ತೊಂದನ್ನು ಎಬ್ಬಿಸುವಷ್ಟರಲ್ಲಿ ಆ ಹೊತ್ತು ಕಳೆದುಹೋಗಿರುತ್ತದೆ. ಲಾಕ್ ಹಾಕಿದರೆ ಸಂಖ್ಯೆ ಕೆಡುವುದಿಲ್ಲ, ಅಷ್ಟೆ, ವೇಳೆ ಕೂಡಿಬರುವುದಿಲ್ಲ.

ಎರಡನೆಯದಾಗಿ, ಪ್ರೊಸೆಸರ್ ಮೆಮೊರಿಯನ್ನು ಮುಟ್ಟಿದಾಗಲೆಲ್ಲ ‘ಟಿಕ್’ ಎಂಬ ಫಂಕ್ಷನ್ ಕರೆದು ಗಡಿಯಾರವನ್ನು 4 ಮಿಡಿತ ಮುಂದಕ್ಕೆ ತಳ್ಳಿ. ಮೆಮೊರಿ ಮುಟ್ಟದ ಒಳಹೆಜ್ಜೆಗಳಿಗೂ ಹಾಗೆಯೇ. ಇಡೀ ಆದೇಶ ಮುಗಿಸಿ ಕೊನೆಯಲ್ಲಿ ಒಟ್ಟಿಗೆ 12 ಕೂಡಿಸುವ ಅಡ್ಡದಾರಿ ಹಿಡಿದರೆ, ಮೂರನೆಯ ಹೆಜ್ಜೆಯಲ್ಲಿ ಟೈಮರ್ ಓದುವ ಆದೇಶಕ್ಕೆ ಹಳಸಿದ ಸಂಖ್ಯೆ ಸಿಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಟೈಮರ್‌ನ ಸಂಖ್ಯೆಗಳು ರಿಜಿಸ್ಟರ್ ಎಂಬ ಪುಟ್ಟ ಕೋಶಗಳಲ್ಲಿರುತ್ತವೆ. ಅವುಗಳಲ್ಲಿ ಡಿವ್‌ಗೆ (DIV) ಒಂದು, ಆಟ ಬಳಸುವ ಟೈಮರ್ ಆದ ಟಿಮಾಗೆ (TIMA) ಇನ್ನೊಂದು ಎಂದು ಎಣಿಕೆ ಇಡುತ್ತಾರೆ. ಯಂತ್ರದೊಳಗೆ ಇರುವುದು 16 ಬಿಟ್‌ನ ಒಂದೇ ಎಣಿಕೆ. ಅದರ ಮೇಲಿನ 8 ಬಿಟ್‌ಗಳೇ ಡಿವ್. ಟಿಮಾ ಅದೇ ಎಣಿಕೆಯ ಒಂದು ಬಿಟ್ ಮೇಲೆ ಕಣ್ಣಿಟ್ಟಿರುತ್ತದೆ. ಆ ಬಿಟ್ 1ರಿಂದ 0ಗೆ ಇಳಿದಾಗ ತಾನು ಒಂದು ಏರುತ್ತದೆ. ಯಾವ ಬಿಟ್ ಎಂಬುದನ್ನು ಟೈಮರನ್ನು ನಿಯಂತ್ರಿಸುವ ಟ್ಯಾಕ್ (TAC) ರಿಜಿಸ್ಟರ್‌ನ ಕೊನೆಯ ಎರಡು ಬಿಟ್‌ಗಳು ಹೇಳುತ್ತವೆ: 0 ಇದ್ದರೆ 9ನೆಯದು, 1 ಇದ್ದರೆ 3ನೆಯದು, 2ಕ್ಕೆ 5, 3ಕ್ಕೆ 7. ಎಣಿಸುವುದು ಬಲದಿಂದ, ಸೊನ್ನೆಯಿಂದ.

ಎಣಿಕೆ 12ರಲ್ಲಿದೆ, ಟಿಮಾ ಚಾಲೂ ಆಗಿದೆ, ನೋಡುತ್ತಿರುವುದು 3ನೇ ಬಿಟ್ ಎಂದುಕೊಳ್ಳಿ. ಬೈನರಿಯಲ್ಲಿ 1100, ಆ ಬಿಟ್ 1. ಈಗ ಆಟವು ಡಿವ್‌ಗೆ ಏನನ್ನೋ ಬರೆಯಿತು. ಯಾವ ಸಂಖ್ಯೆ ಬರೆದರೂ ಇಡೀ ಎಣಿಕೆ ಸೊನ್ನೆಯಾಗುತ್ತದೆ. ಬಿಟ್ ಇಳಿಯಿತು, ಟಿಮಾ ಅವಧಿಗೆ ಮೊದಲೇ ಒಂದು ಏರಿತು! ಟಿಮಾವನ್ನು ಚಾಲೂ ಮಾಡುವ ಟ್ಯಾಕ್‌ನ ಚಾಲನಾ ಬಿಟ್ ಅನ್ನು 0 ಮಾಡಿದರೂ ಇದೇ ಆಗಬಹುದು. ಆದ್ದರಿಂದ ಆಯ್ದ ಬಿಟ್ ಮತ್ತು ಚಾಲನಾ ಬಿಟ್ ಎರಡನ್ನೂ ‘ಅಂಡ್’ ಮಾಡಿ (ಎರಡೂ 1 ಇದ್ದರೆ ಮಾತ್ರ ಫಲ 1), ಹಿಂದಿನ ಫಲದೊಂದಿಗೆ ಹೋಲಿಸುವ ಒಂದೇ ಫಂಕ್ಷನ್ ಬರೆಯಿರಿ. ಟಿಕ್, ಡಿವ್, ಟ್ಯಾಕ್ ಮೂರೂ ಕಡೆಯಿಂದ ಅದನ್ನೇ ಕರೆಯಿರಿ. ಪ್ರತಿಯೊಂದಕ್ಕೂ ಬೇರೆ ‘ಇಫ್’ ಹಾಕುತ್ತಾ ಹೋದವರ ಕೋಡ್ ಅನ್ನು ನಾನಂತೂ ಓದುವುದಿಲ್ಲ.

ಟಿಮಾ 255 ದಾಟಿದಾಗ ಇನ್ನೊಂದು ಹೊಂಡವಿದೆ. ಅದು 4 ಮಿಡಿತದ ಕಾಲ ಸೊನ್ನೆಯಾಗಿಯೇ ಇರುತ್ತದೆ. ಆಮೇಲಷ್ಟೇ ಟಿಎಂಎ (TMA) ಎಂಬ ಇನ್ನೊಂದು ರಿಜಿಸ್ಟರ್‌ನಲ್ಲಿನ ಸಂಖ್ಯೆ ಅದರೊಳಗೆ ಬರುತ್ತದೆ, ಪ್ರೊಸೆಸರನ್ನು ತಡೆದು ಕರೆಯುವ ಸೂಚನೆ, ಅಂದರೆ ಇಂಟರಪ್ಟ್, ಏಳುತ್ತದೆ. ಆ ಸಂದಿನಲ್ಲಿ ಆಟವು ಟಿಮಾಗೆ ಏನಾದರೂ ಬರೆದರೆ ಎರಡೂ ರದ್ದು.

ಇಂಟರಪ್ಟ್ ಬರುವವರೆಗೆ ಪ್ರೊಸೆಸರ್ ನಿಲ್ಲಲಿ ಎನ್ನುವ ಹಾಲ್ಟ್ ಆದೇಶ ಬಂದಾಗ ಥ್ರೆಡ್ಡನ್ನೇ ಮಲಗಿಸುವವರಿದ್ದಾರೆ. ಎಬ್ಬಿಸಬೇಕಾದ ಟೈಮರ್ ಕೂಡ ಮಲಗಿದ ಮೇಲೆ ಎಬ್ಬಿಸುವವರು ಯಾರು? ಪ್ರೊಸೆಸರ್ ನಿಲ್ಲಲಿ, ಟಿಕ್ ನಡೆಯುತ್ತಿರಲಿ.

ವೇಗದ ಹತೋಟಿಯನ್ನು ಧ್ವನಿಗೆ ಒಪ್ಪಿಸಿ. ಒಂದು ಫ್ರೇಮ್ ಎಂದರೆ 70,224 ಮಿಡಿತ, ಸುಮಾರು 16.74 ಮಿಲಿಸೆಕೆಂಡ್. ಇದಕ್ಕೆ ‘ಸ್ಲೀಪ್ 16’ (16 ಮಿಲಿಸೆಕೆಂಡ್ ಮಲಗು) ಎಂದು ಬರೆಯಬೇಡಿ: ವಿಂಡೋಸ್‌ನಲ್ಲಿ ಸ್ಲೀಪ್‌ನ ಮಾಮೂಲಿ ಮೆಟ್ಟಿಲು ಸುಮಾರು 15.6 ಮಿಲಿಸೆಕೆಂಡ್, 16 ಕೇಳಿದರೆ 31ರ ಹತ್ತಿರ ಹೋಗಬಹುದು. 48,000 ಹರ್ಟ್ಸ್‌ನಲ್ಲಿ ಫ್ರೇಮಿಗೆ ಸುಮಾರು 804 ಧ್ವನಿ ಮಾದರಿಗಳು ಬೇಕು. ಈ ಮಾದರಿಗಳನ್ನು ಕೂಡಿಡುವ ಬಫರ್ ತುಂಬುವವರೆಗೆ ಯಂತ್ರ ಓಡಿಸಿ, ತುಂಬಿದರೆ ಕಾಯಿರಿ. ಥ್ರೆಡ್ ಬೇಕಾಗುವುದು ಇಲ್ಲಿ: ಯಂತ್ರವೆಲ್ಲ ಒಂದರಲ್ಲಿ, ಧ್ವನಿ ಇನ್ನೊಂದರಲ್ಲಿ, ನಡುವೆ ರಿಂಗ್ ಬಫರ್, ಅಂದರೆ ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ ತುಂಬುವ ಬಫರ್. ಕಂಪ್ಯೂಟರಿನ ಗಡಿಯಾರವನ್ನೇ ನಂಬಿ ಬರೆದ ನನ್ನ ಮೊದಲ ಎಮ್ಯುಲೇಟರ್, ಲ್ಯಾಪ್‌ಟಾಪ್ ಮುಚ್ಚಿ ಊಟ ಮಾಡಿ ಬಂದರೆ ಅಷ್ಟೂ ಹೊತ್ತಿನ ಆಟವನ್ನು ಒಂದೇ ಉಸಿರಿಗೆ ಓಡಿಸಿ ಮುಗಿಸುತ್ತಿತ್ತು.

ಮುಗಿದ ಮೇಲೆ ಆಟ ಹಾಕಿ ನೋಡಬೇಡಿ, ಮೂನ್‌ಐ (Mooneye) ಪರೀಕ್ಷಾ ಪ್ರೋಗ್ರಾಂಗಳ ಟೈಮರ್ ವಿಭಾಗವನ್ನು ಓಡಿಸಿ. ಟ್ಯಾಕ್ ಅನ್ನು ಪಟಪಟನೆ ಆರಿಸಿ ಹಚ್ಚುವ ಪರೀಕ್ಷೆಯೊಂದು ಅದರಲ್ಲಿದೆ. ಅಲ್ಲಿ ಸೋತರೆ ಬಿಟ್ ಇಳಿಯುವ ಫಂಕ್ಷನ್ನನ್ನು ಮತ್ತೊಮ್ಮೆ ತೆರೆಯಿರಿ.