ನಿಂತ ಗಾಡಿಯ ಪೆಟ್ರೋಲ್ ವಾಸನೆ

ಕಲಬುರಗಿಯಲ್ಲಿ ನನ್ನದೊಂದು ಟೂವೀಲರ್ ಗ್ಯಾರೇಜ್ ಇದೆ. ಏಪ್ರಿಲ್ ಬಂದರೆ ಸಾಕು, ಒಂದು ದೂರು ಜಾಸ್ತಿ: "ಗಾಡಿ ಮನೆ ಮುಂದೆ ಸುಮ್ನೆ ನಿಂತಿದೆ, ಆದರೂ ಪೆಟ್ರೋಲ್ ಕಮ್ಮಿ ಆಗ್ತಿದೆ." ಕೆಲವರಿಗೆ ಪಕ್ಕದ ಮನೆ ಹುಡುಗರ ಮೇಲೆ ಅನುಮಾನ. ನನಗೆ ಮೊದಲು ಬಿಸಿಲಿನ ಮೇಲೆ.

ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 35–40 ಡಿಗ್ರಿಯಲ್ಲೇ ಕುದಿಯಲು ಶುರುವಾಗುತ್ತವೆ. ನಮ್ಮೂರಲ್ಲಿ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ. ಇನ್ನು ಬಿಸಿಲಲ್ಲಿ ನಿಂತ ಟ್ಯಾಂಕಿನ ಗತಿ ಕೇಳಬೇಕೇ? ಎದ್ದ ಆವಿ ಸಂದಿ ಸಿಕ್ಕಲ್ಲಿ ಹೊರಗೆ ಹೋಗುತ್ತದೆ. ಅದರಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. ಉಳಿದದ್ದು ಗಾಡಿಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಜೊತೆ ಬಿಸಿಲಲ್ಲಿ ಸೇರಿ ಉಸಿರಾಟಕ್ಕೆ ಕೆಟ್ಟದ್ದಾದ ನೆಲಮಟ್ಟದ ಓಝೋನ್ ಆಗುತ್ತದೆ. ಎಮಿಷನ್ ಟೆಸ್ಟಿನಲ್ಲಿ ಇದ್ಯಾವುದೂ ಸಿಗುವುದಿಲ್ಲ. ಅಲ್ಲಿ ನೋಡುವುದು ಸೈಲೆನ್ಸರ್ ಬಾಯಿ ಮಾತ್ರ.

ನಾನು ಮೊದಲು ನೋಡುವುದು ಟ್ಯಾಂಕ್ ಮುಚ್ಚಳದ ರಬ್ಬರ್. ಉಗುರಿನಿಂದ ಒತ್ತುತ್ತೇನೆ. ಒತ್ತಿದ ಗುರುತು ಹಾಗೇ ಉಳಿದರೆ, ಇಲ್ಲವೇ ಸಣ್ಣ ಬಿರುಕು ಬಾಯಿಬಿಟ್ಟರೆ ಅದರ ಆಯುಷ್ಯ ಮುಗಿದಂತೆ. ಆಮೇಲೆ ಪೈಪುಗಳು. ಕ್ಲಿಪ್ ಹಾಕಿದ ಜಾಗದಲ್ಲೇ ಸೀಳಿರುತ್ತವೆ, ದೂರದಿಂದ ಕಾಣುವುದಿಲ್ಲ. ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಕಾರ್ಬ್ಯುರೇಟರಿನ ಹಳೇ ಗಾಡಿಯಾದರೆ ಫ್ಲೋಟ್ ನೀಡಲ್ (ಒಳಗೆ ಪೆಟ್ರೋಲ್ ತುಂಬಿದಾಗ ದಾರಿ ಮುಚ್ಚುವ ಸೂಜಿ) ಕೂಡ ನೋಡುತ್ತೇನೆ. ಅದು ಸವೆದಿದ್ದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಅಂಥ ಗಾಡಿಯವರಿಗೆ ರಾತ್ರಿ ಪೆಟ್ರೋಲ್ ಕಾಕ್ ಬಂದ್ ಮಾಡಿ ಎನ್ನುತ್ತೇನೆ. ಗಾಡಿ ಬಿಸಿಲಲ್ಲಿ ನಿಂತಿದ್ದರೆ ಮುಚ್ಚಳವನ್ನು ಒಮ್ಮೆಲೇ ತೆಗೆಯುವುದಿಲ್ಲ. ಪಿಸ್ ಅಂತ ಗಾಳಿ ಹೋಗಲು ಬಿಟ್ಟು ಆಮೇಲೆ ತೆಗೆಯುತ್ತೇನೆ. ಬೀಡಿ ಹಚ್ಚಿದವರು ಆಗ ರಸ್ತೆಯಾಚೆಗೆ.

ಬಿಎಸ್-4, ಅಂದರೆ ಸರ್ಕಾರದ 'ಭಾರತ್ ಸ್ಟೇಜ್' ಹೊಗೆ ನಿಯಮದ ನಾಲ್ಕನೇ ಹಂತ, ಬಂದ ಮೇಲಿನ ಗಾಡಿಗಳಲ್ಲಿ ಕ್ಯಾನಿಸ್ಟರ್ ಅಂತ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಇದ್ದಿಲು. ಟ್ಯಾಂಕಿನ ಆವಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ಪರ್ಜ್ ವಾಲ್ವ್ (ಕರೆಂಟ್ ಕೊಟ್ಟಾಗ ತೆರೆಯುವ ಸಣ್ಣ ಬಾಗಿಲು) ತೆರೆದು ಆ ಆವಿ ಇಂಜಿನ್ನಿಗೆ ಹೋಗಿ ಉರಿಯುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ, ಟೂವೀಲರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ ಹೊರಬೀಳುವ ಆವಿ 1.5 ಗ್ರಾಂ ಮೀರಬಾರದು ಎಂದಿದೆ.

ನಮ್ಮ ಕಸುಬಿನಲ್ಲೇ ಕೆಲವರು ಈ ಡಬ್ಬಿಯನ್ನು "ಬೇಡದ ಸಾಮಾನು" ಎಂದು ಕಿತ್ತು ಪೈಪ್ ಹೊರಗೆ ಬಿಡುತ್ತಾರೆ. ಮೈಲೇಜ್ ಜಾಸ್ತಿಯಾಗುತ್ತದಂತೆ! ಸುಟ್ಟು ಕೆಲಸಕ್ಕೆ ಬರಬೇಕಾದ ಪೆಟ್ರೋಲ್ ಗಾಳಿಗೆ ಹೋದರೆ ಮೈಲೇಜ್ ಎಲ್ಲಿಂದ ಬರುತ್ತದೆ? ನಾನು ಪರ್ಜ್ ವಾಲ್ವ್ ಬಿಚ್ಚಿ ಊದಿ ನೋಡುತ್ತೇನೆ. ಕರೆಂಟ್ ಕೊಡದಿದ್ದಾಗ ಗಾಳಿ ಆಚೆ ದಾಟಬಾರದು. ದಾಟಿದರೆ ವಾಲ್ವ್ ಹೋಗಿದೆ.

ಡಬ್ಬಿ ಕೆಡುವುದು ಬಹಳ ಸಲ ಪೆಟ್ರೋಲ್ ಬಂಕಿನಲ್ಲಿ. ನಾಝಲ್ ತಾನಾಗಿ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಕಂಠಮಟ್ಟ ತುಂಬಿಸುತ್ತಾರೆ. ಉಕ್ಕಿದ ಪೆಟ್ರೋಲ್ ಪೈಪಿನಲ್ಲಿ ಇಳಿದು ಇದ್ದಿಲನ್ನು ನೆನೆಸುತ್ತದೆ. ಡಬ್ಬಿ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅಂದರೆ ನಾನು ಒಣಗಿಸಲು ಹೋಗುವುದಿಲ್ಲ, ಹೊಸದೇ ಹಾಕುತ್ತೇನೆ.