ಎಚ್‌ಪಿಆರ್‌ಟಿ ಟೆಸ್ಟ್ ಮಾಡ್ತೀರಾ? ಆ ಒಂದು ವಾರ ಕಾಯಲೇಬೇಕು

ಧಾರವಾಡದಲ್ಲಿ ಜೆನೆಟಿಕ್ಸ್, ಬಯೋಟೆಕ್ ಓದುವವರು ಎಂಎಸ್ಸಿ ಪ್ರಾಜೆಕ್ಟ್ ಹುಡುಕುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಬ್ಯಾಡಗಿ ಮೆಣಸಿನಕಾಯಿಗೆ, ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ನಮ್ಮ ಜೀನ್‌ಗಳನ್ನು ಕೆಡಿಸುತ್ತದಾ? ಕೇಳಲೇಬೇಕಾದ ಪ್ರಶ್ನೆ. ಪರೀಕ್ಷಿಸೋಕೆ ಎಚ್‌ಪಿಆರ್‌ಟಿ ಎಂಬ ಎಂಜೈಮ್ ಒಳ್ಳೆಯ ದಾರಿ.

ಡಿಎನ್‌ಎಗೆ ಬೇಕಾದ ಪ್ಯೂರಿನ್‌ಗಳನ್ನು ಜೀವಕೋಶ ಹೊಸದಾಗಿಯೂ ಕಟ್ಟುತ್ತದೆ, ಹಳೆಯದನ್ನೂ ಬಿಡುವುದಿಲ್ಲ, ನಿನ್ನೆಯ ರೊಟ್ಟಿ ಮುರಿದು ಒಗ್ಗರಣೆ ಹಾಕಿದ ಹಾಗೆ. ಆ ಎರಡನೇ ಕೆಲಸ ಎಚ್‌ಪಿಆರ್‌ಟಿಯದು: ಹೈಪೊಕ್ಸಾಂಥಿನ್, ಗ್ವಾನಿನ್ ಹಿಡಿದು ಮತ್ತೆ ನ್ಯೂಕ್ಲಿಯೊಟೈಡ್, ಅಂದರೆ ಡಿಎನ್‌ಎಯ ಇಟ್ಟಿಗೆ, ಮಾಡುತ್ತದೆ. ಇದರ ಜೀನ್ ಎಕ್ಸ್ ಕ್ರೋಮೊಸೋಮ್ ಮೇಲಿದೆ. ಅದು ಪೂರ್ತಿ ಕೆಟ್ಟು ಹುಟ್ಟಿದ ಗಂಡುಮಗುವಿಗೆ ಯೂರಿಕ್ ಆಸಿಡ್ ಏರುತ್ತದೆ, ತನ್ನ ತುಟಿ ಬೆರಳುಗಳನ್ನೇ ಕಚ್ಚಿಕೊಳ್ಳುತ್ತದೆ. 1964ರಲ್ಲಿ ಲೆಶ್ ಮತ್ತು ನೈಹನ್ ವಿವರಿಸಿದ ಕಾಯಿಲೆ ಇದು. ಆದರೆ ಪ್ಲೇಟ್‌ನಲ್ಲಿ ಬೆಳೆಯುವ ಜೀವಕೋಶ ಈ ಎಂಜೈಮ್ ಇಲ್ಲದೆಯೂ ಬದುಕುತ್ತದೆ. ಅದಕ್ಕೇ ಈ ಟೆಸ್ಟ್ ಸಾಧ್ಯ.

ಗ್ವಾನಿನ್ ಹಾಗೇ ಕಾಣುವ ವಿಷ 6-ಥಯೋಗ್ವಾನಿನ್ ಕೊಟ್ಟರೆ ಎಚ್‌ಪಿಆರ್‌ಟಿ ಇರುವ ಕೋಶ ಅದನ್ನು ಬಳಸಿಕೊಂಡು ಸಾಯುತ್ತದೆ. ಜೀನ್ ಕೆಟ್ಟಿದ್ದರೆ ಬದುಕುತ್ತದೆ. ಕೋಶದಲ್ಲಿ ಈ ಜೀನ್‌ನ ಕೆಲಸ ಮಾಡುವ ಕಾಪಿ ಒಂದೇ ಇರುವುದರಿಂದ ಒಂದೇ ಪೆಟ್ಟು ಸಾಕು.

ಸಿಎಚ್‌ಒ ಅಥವಾ ವಿ79 ಕೋಶಗಳನ್ನು (ಲ್ಯಾಬ್‌ನಲ್ಲಿ ಬೆಳೆಸುವ ಚೈನೀಸ್ ಹ್ಯಾಮ್‌ಸ್ಟರ್ ಕೋಶಗಳು) ತಗೊಳ್ಳಿ. ಮೊದಲು ಕೆಲವು ದಿನ ಎಚ್‌ಎಟಿ ಮೀಡಿಯಂನಲ್ಲಿ (ಹೈಪೊಕ್ಸಾಂಥಿನ್, ಅಮಿನೊಪ್ಟೆರಿನ್, ಥೈಮಿಡಿನ್ ಇರುವ ಪೋಷಕ ದ್ರವ) ಬೆಳೆಸಿ. ಅದರಲ್ಲಿರುವ ಅಮಿನೊಪ್ಟೆರಿನ್ ಹೊಸ ಪ್ಯೂರಿನ್ ಕಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಮೊದಲೇ ಕೆಟ್ಟಿದ್ದ ಕೋಶಗಳು ಸತ್ತುಹೋಗುತ್ತವೆ. ಆಮೇಲೆ ರಾಸಾಯನಿಕವನ್ನು 3ರಿಂದ 6 ಗಂಟೆ ಕೊಡಿ, ಒಂದು ಸಲ ಎಸ್9 (ಯಕೃತ್ತಿನ ಎಂಜೈಮ್‌ಗಳ ಸಾರ) ಹಾಕಿ, ಒಂದು ಸಲ ಹಾಕದೆ. ಪಕ್ಕದಲ್ಲಿ ಇಎಂಎಸ್ (ಜೀನ್ ಕೆಡಿಸುತ್ತದೆಂದು ಗೊತ್ತಿರುವ ರಾಸಾಯನಿಕ) ಕೊಟ್ಟ ಪಾಸಿಟಿವ್ ಕಂಟ್ರೋಲ್ ಇರಲಿ.

ಈಗ ಕಾಯಬೇಕು, 7ರಿಂದ 9 ದಿನ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಜೀನ್ ಇವತ್ತೇ ಕೆಟ್ಟಿರಬಹುದು, ಆದರೆ ಮೊದಲೇ ತಯಾರಾದ ಎಂಜೈಮ್ ಕೋಶದೊಳಗೆ ಇನ್ನೂ ಕೆಲಸ ಮಾಡುತ್ತಿರುತ್ತದೆ, ಅದು ಕೋಶ ಒಡೆದು ಒಡೆದು ಹಂಚಿಹೋಗಿ ಮುಗಿಯುವ ತನಕ ನಿಜವಾದ ಮ್ಯುಟೆಂಟ್ (ಜೀನ್ ಕೆಟ್ಟ ಕೋಶ) ಕೂಡ ಥಯೋಗ್ವಾನಿನ್‌ಗೆ ಸಾಯುತ್ತದೆ. ಮೂರನೇ ದಿನಕ್ಕೇ ಸೆಲೆಕ್ಷನ್, ಅಂದರೆ ಥಯೋಗ್ವಾನಿನ್, ಹಾಕಿದರೆ ಕಾಲೊನಿ (ಒಂದು ಕೋಶದಿಂದ ಬೆಳೆದ ಗುಂಪು) ತೀರಾ ಕಡಿಮೆ ಬರುತ್ತದೆ, ನೀವು "ರಾಸಾಯನಿಕ ಸೇಫ್" ಅಂತ ಬರೆದುಬಿಡುತ್ತೀರಿ. ಹೊಲದಲ್ಲಿ ಪಂಪ್ ಹೊತ್ತವರ ವಿಷಯದಲ್ಲಿ ಅಂಥ ತಪ್ಪು ಸಣ್ಣದಲ್ಲ, ಅಲ್ವಾ? ಈ ದಿನಗಳಲ್ಲಿ ಪ್ರತಿ ಸಲ ಕನಿಷ್ಠ 20 ಲಕ್ಷ ಕೋಶ ಮುಂದಕ್ಕೆ ಒಯ್ಯಿರಿ. ಧಾರವಾಡದ ಮಳೆಗಾಲದಲ್ಲಿ ಫಂಗಸ್ ಕಾಟ ಇರುತ್ತದೆ, ಇನ್‌ಕ್ಯುಬೇಟರ್ ನೀರು ಬದಲಿಸುತ್ತಿರಿ.

ಸೆಲೆಕ್ಷನ್‌ಗೆ 100 ಎಂಎಂ ಪ್ಲೇಟ್‌ಗೆ 2 ಲಕ್ಷ ಕೋಶ, ಅಂಥ 10 ಪ್ಲೇಟ್. ಜಾಸ್ತಿ ತುಂಬಬೇಡಿ. ಕೋಶಗಳು ಒಂದಕ್ಕೊಂದು ತಾಗಿದರೆ ಪಕ್ಕದ ಕೋಶದಲ್ಲಿ ತಯಾರಾದ ವಿಷ ಮ್ಯುಟೆಂಟ್‌ಗೂ ದಾಟುತ್ತದೆ. ಈ ಸೆಲೆಕ್ಷನ್ ಮೀಡಿಯಂನಲ್ಲಿ ಹೈಪೊಕ್ಸಾಂಥಿನ್ ಇರಬಾರದು. ಸಾಮಾನ್ಯ ಹ್ಯಾಮ್ಸ್ ಎಫ್12 ಮೀಡಿಯಂನಲ್ಲಿ ಅದು ಇರುತ್ತದೆ, ಲೇಬಲ್ ಓದಿ.

ಜೊತೆಗೆ ಥಯೋಗ್ವಾನಿನ್ ಇಲ್ಲದ ಪ್ಲೇಟ್‌ಗೆ 200 ಕೋಶ ಹಾಕಿ. ಅದರಲ್ಲಿ 160 ಕಾಲೊನಿ ಬಂದರೆ ಬದುಕುವ ಪ್ರಮಾಣ 0.8. ಸೆಲೆಕ್ಷನ್‌ನಲ್ಲಿ ಒಟ್ಟು 16 ಬಂದಿದ್ದರೆ, 20 ಲಕ್ಷವನ್ನು 0.8ರಿಂದ ಗುಣಿಸಿ 16 ಲಕ್ಷ; 16 ಲಕ್ಷಕ್ಕೆ 16, ಅಂದರೆ ಹತ್ತು ಲಕ್ಷಕ್ಕೆ 10 ಮ್ಯುಟೆಂಟ್. ಏನೂ ಕೊಡದ ಕೋಶಗಳಲ್ಲೂ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 5ರಿಂದ 20 ಬರುತ್ತವೆ. ಹಾಗಾಗಿ ಕಂಟ್ರೋಲ್ ಪಕ್ಕದಲ್ಲಿಟ್ಟೇ ಮಾತಾಡಿ.

ಇನ್ನೊಂದು ವಿಷಯ ವರದಿಯಲ್ಲಿ ಬರೆಯಿರಿ. ಕ್ರೋಮೊಸೋಮ್‌ನ ದೊಡ್ಡ ತುಂಡೇ ಹೋದರೆ ಪಕ್ಕದ ಅಗತ್ಯ ಜೀನ್‌ಗಳೂ ಹೋಗಿ ಕೋಶ ಸಾಯಬಹುದು, ಆಗ ಅದು ಈ ಎಣಿಕೆಗೆ ಸಿಗುವುದಿಲ್ಲ. ಅಂಥ ಹಾನಿಗೆ ಮೈಕ್ರೊನ್ಯೂಕ್ಲಿಯಸ್ ಟೆಸ್ಟ್ ಬೇರೆ ಮಾಡಿ. ಮಿಕ್ಕ ಥಯೋಗ್ವಾನಿನ್ ಮತ್ತು ಇಎಂಎಸ್ ಸಿಂಕ್‌ಗೆ ಸುರಿಯಬೇಡಿ, ಬೇರೆ ಡಬ್ಬಿಯಲ್ಲಿ ಲೇಬಲ್ ಹಾಕಿಟ್ಟು ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.